ಊರು ಬಿಟ್ಟ ಕಣ್ಣಿಗೆ ಕಂಡ ಹಸಿರು

ಪಂಪ ಇದ್ದದ್ದು ವೇಮುಲವಾಡದಲ್ಲಿ. ಇಂದು ತೆಲಂಗಾಣಕ್ಕೆ ಸೇರಿರುವ ಆ ಊರು ಹತ್ತನೆಯ ಶತಮಾನದಲ್ಲಿ ಚಾಲುಕ್ಯ ಅರಿಕೇಸರಿಯ ರಾಜಧಾನಿ. ಕವಿಗೆ ಅಲ್ಲಿ ಆಶ್ರಯವಿತ್ತು, ಮನ್ನಣೆಯಿತ್ತು, ತನ್ನ ದೊರೆಯನ್ನೇ ಅರ್ಜುನನಾಗಿಸಿ ಕಾವ್ಯ ಬರೆಯುವಷ್ಟು ಸಲುಗೆಯಿತ್ತು. ಆದರೆ ‘ವಿಕ್ರಮಾರ್ಜುನ ವಿಜಯ’ದ ಅರ್ಜುನ ಯಾತ್ರೆಗೆ ಹೊರಟು ಬನವಾಸಿಯ ನಾಡಿಗೆ ಕಾಲಿಟ್ಟಾಗ ಪದ್ಯದ ದನಿಯೇ ಬೇರೆಯಾಗುತ್ತದೆ. ತೆಂಕಣದ ಗಾಳಿ, ಅರಳಿದ ಮಲ್ಲಿಗೆ, ಕಿವಿಗೆ ಬೀಳುವ ಹಾಡು ಯಾವುದೇ ಆಗಲಿ, ಮನಸ್ಸು ಅಲ್ಲಿಗೇ ಹೊರಳುತ್ತದೆ ಎಂದು ಹೇಳುತ್ತಿರುವವನು ಅರ್ಜುನನೋ ಪಂಪನೋ ಎಂದು ಓದುಗ ತಡೆದು ನಿಲ್ಲುತ್ತಾನೆ. ಸಾವಿರ ವರ್ಷಗಳ ಹಿಂದಿನ ಈ ಪದ್ಯಗಳು ಇಂದಿಗೂ ಕನ್ನಡಿಗರ ನಾಲಿಗೆಯ ಮೇಲಿರುವುದಕ್ಕೆ ಕಾರಣ ಅವುಗಳ ವರ್ಣನೆಯಷ್ಟೇ ಅಲ್ಲ. ಬನವಾಸಿಯಿಂದ ನೂರಾರು ಕಿಲೋಮೀಟರ್ ದೂರದ ಅರಮನೆಯೊಂದರ ನೆರಳಿನಲ್ಲಿ ಕುಳಿತು ಬರೆದವನ ಹಂಬಲ ಅವುಗಳಲ್ಲಿದೆ.

ಹಳಗನ್ನಡದ ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕಿದ್ದವು. ಕಡಲು, ಬೆಟ್ಟ, ಋತು, ಸೂರ್ಯೋದಯ, ಚಂದ್ರೋದಯ, ಉದ್ಯಾನಗಳ ಸಾಲಿನಲ್ಲೇ ನಗರವೂ ಇತ್ತು. ನಗರ ಒಂದು ಕಡೆ, ಪ್ರಕೃತಿ ಇನ್ನೊಂದು ಕಡೆ ಎಂಬ ಜಗಳ ಆ ಕವಿಗಳಿಗೆ ಗೊತ್ತಿರಲಿಲ್ಲ. ಕೋಟೆಯ ತೆನೆಯನ್ನೂ ಭತ್ತದ ತೆನೆಯನ್ನೂ ಒಂದೇ ಹುರುಪಿನಿಂದ ಬಣ್ಣಿಸುತ್ತಿದ್ದರು. ಪಂಪನೂ ಆ ಕಟ್ಟನ್ನು ಪಾಲಿಸಿದವನೇ. ಆದರೆ ಅವನ ಬನವಾಸಿ ಪಟ್ಟಿಯೊಳಗಿನ ಒಂದು ವರ್ಣನೆಯಾಗಿ ಉಳಿಯಲಿಲ್ಲ, ಬಿಟ್ಟುಬಂದ ಊರಾಯಿತು.

ಕನ್ನಡದ ನಿಸರ್ಗ ಕಾವ್ಯವನ್ನು ಹಳ್ಳಿಯ ಕಾವ್ಯ ಎಂದು ಓದುವ ರೂಢಿ ಬಲವಾಗಿದೆ. ಶಾಲೆಯ ಪಠ್ಯಗಳೂ ಹಾಗೆಯೇ ಕಲಿಸಿವೆ: ಹಳ್ಳಿಯಲ್ಲಿ ಹಸಿರು, ಪೇಟೆಯಲ್ಲಿ ಹೊಗೆ. ಕವಿಗಳು ಎಲ್ಲಿ ಕುಳಿತು ಬರೆದರು, ಅವರ ಹಗಲು ಹೇಗೆ ಕಳೆಯುತ್ತಿತ್ತು, ಸಂಬಳ ಎಲ್ಲಿಂದ ಬರುತ್ತಿತ್ತು ಎಂದು ನೋಡಿದರೆ ಬೇರೆಯೇ ಚಿತ್ರ ಎದುರಾಗುತ್ತದೆ. ಮಲೆ, ಹೊಳೆ, ಹಕ್ಕಿ, ಶ್ರಾವಣಗಳ ಕವಿತೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಊರು ಬಿಟ್ಟವರಿಂದ. ಪೇಟೆ ಅವರನ್ನು ಹಳ್ಳಿಯಿಂದ ಬೇರೆ ಮಾಡಿತು. ಹಳ್ಳಿಯನ್ನು ದೂರದಿಂದ ನೋಡುವ ಕಣ್ಣನ್ನೂ ಅದೇ ಪೇಟೆ ಕೊಟ್ಟಿತು.

ಕಚೇರಿಯ ಮೇಜು, ಮಲೆಯ ನೆನಪು

1926ರಲ್ಲಿ ಬಿ.ಎಂ.ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಪ್ರಕಟವಾದಾಗ ವರ್ಡ್ಸ್‌ವರ್ತ್, ಷೆಲ್ಲಿ, ಬರ್ನ್ಸ್ ಮೊದಲಾದವರು ಕನ್ನಡದ ಲಯದಲ್ಲಿ ಮಾತಾಡತೊಡಗಿದರು. ಇಂಗ್ಲೆಂಡಿನಲ್ಲಿ ಆ ಕಾವ್ಯ ಬೆಳೆದದ್ದು ಗಿರಣಿಗಳ ಕಾಲದಲ್ಲಿ. ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ 1798ರಲ್ಲಿ ತಮ್ಮ ಕವನಗಳನ್ನು ಒಟ್ಟಿಗೆ ಪ್ರಕಟಿಸುವ ಹೊತ್ತಿಗೆ ಅಲ್ಲಿನ ಹಳ್ಳಿಗರು ಬಟ್ಟೆ ಗಿರಣಿಗಳ ಊರುಗಳತ್ತ ನಡೆಯತೊಡಗಿದ್ದರು. ಮೈಸೂರು ಸಂಸ್ಥಾನದ ಕವಿಗಳ ಸ್ಥಿತಿ ಹಾಗಿರಲಿಲ್ಲ. ಅವರು ಯಾವ ಕಾರ್ಖಾನೆಯ ಹೊಗೆಯಿಂದಲೂ ತಪ್ಪಿಸಿಕೊಂಡು ಓಡುತ್ತಿರಲಿಲ್ಲ. ಅವರನ್ನು ಹಳ್ಳಿಯಿಂದ ಹೊರಡಿಸಿದ್ದು ಹೈಸ್ಕೂಲು, ಕಾಲೇಜು ಮತ್ತು ಸರ್ಕಾರಿ ನೌಕರಿ. ಹಾಗಾಗಿ ಕನ್ನಡದ ನವೋದಯ ಕಾವ್ಯದಲ್ಲಿ ಯಂತ್ರದ ಮೇಲಿನ ಸಿಟ್ಟಿಗಿಂತ ಮನೆಯಿಂದ ದೂರ ಬಂದ ಹುಡುಗನ ಹಂಬಲವೇ ಹೆಚ್ಚು.

ಕುವೆಂಪು ಇದಕ್ಕೆ ಎಲ್ಲರಿಗಿಂತ ದೊಡ್ಡ ಸಾಕ್ಷಿ. 1904ರಲ್ಲಿ ಹುಟ್ಟಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಅವರು ಓದಲೆಂದು ಮೈಸೂರಿಗೆ ಬಂದರು. ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯಬಾರದೇಕೆ ಎಂದು ಕೇಳಿದ ಪ್ರಸಂಗ ಕನ್ನಡಿಗರಿಗೆಲ್ಲ ಗೊತ್ತು. ಆಮೇಲೆ ಓದು, ಮಹಾರಾಜ ಕಾಲೇಜಿನ ಅಧ್ಯಾಪಕ ವೃತ್ತಿ, ಒಂಟಿಕೊಪ್ಪಲಿನ ‘ಉದಯರವಿ’ ಮನೆ. ಬದುಕಿನ ಬಹುಭಾಗ ಮೈಸೂರಿನಲ್ಲೇ ಕಳೆಯಿತು. ರಜೆ ಬಂದರೆ ಮಲೆನಾಡು, ರಜೆ ಮುಗಿದರೆ ಮೈಸೂರು. ಒಲವಿನ ಗೂಡಿಗೆ ಮರಳುವ ಹಂಬಲದ ಅವರ ಹಾಡು ಆ ರೈಲು-ಬಸ್ಸುಗಳ ಹಾದಿಯಲ್ಲಿ ಇಟ್ಟು ಓದಿದಾಗ ಹೆಚ್ಚು ಅರ್ಥವಾಗುತ್ತದೆ. ಸದಾ ಕುಪ್ಪಳಿಯಲ್ಲೇ ಇದ್ದವರು ಕುಪ್ಪಳಿಗೆ ಹೋಗುವ ಹಾಡು ಬರೆಯಬೇಕಾಗಿಲ್ಲ.

‘ದೇವರು ರುಜು ಮಾಡಿದನು’ ಕವಿತೆಯ ತಾಣ ತೀರ್ಥಹಳ್ಳಿ ಬಳಿಯ ಸಿಬ್ಬಲುಗುಡ್ಡೆಯ ತುಂಗಾತೀರ. ಹೊಳೆಯ ಮೇಲೆ ಸಾಲುಗಟ್ಟಿ ಹಾರಿದ ಹಕ್ಕಿಗಳನ್ನು ಕವಿ ಸೃಷ್ಟಿಕರ್ತನ ಸಹಿಯಾಗಿ ಕಾಣುತ್ತಾರೆ. ಅದೇ ಹೊಳೆಯಲ್ಲಿ ದೋಣಿ ಹಾಕುವವನಿಗೆ, ಅದೇ ದಂಡೆಯ ಗದ್ದೆಯಲ್ಲಿ ಸಸಿ ನೆಡುವವಳಿಗೆ ಆ ಸಾಲು ಹೊತ್ತು ಇಳಿಯಿತೆಂಬ ಸೂಚನೆಯಾಗಿರಬಹುದು. ಎರಡೂ ನಿಜವಾದ ನೋಟಗಳು. ಒಂದಕ್ಕೆ ಬಿಡುವು ಬೇಕು, ಇನ್ನೊಂದಕ್ಕೆ ಕೆಲಸ ಬೇಕು.

ಕುವೆಂಪು ಈ ವ್ಯತ್ಯಾಸವನ್ನು ಬಲ್ಲವರಾಗಿದ್ದರು. ಮಲೆನಾಡಿನ ಮಳೆ, ಜೀತ, ಸಾಲ, ಹೆಂಡ, ಜಾತಿಯ ಕಟ್ಟು ಎಲ್ಲವೂ 1936ರ ‘ಕಾನೂರು ಹೆಗ್ಗಡಿತಿ’ಯಲ್ಲೂ 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲೂ ಇಡಿಯಾಗಿ ಬಂದಿವೆ. ಅವರ ಭಾವಗೀತೆಗಳನ್ನಷ್ಟೇ ಓದಿದವರಿಗೆ ಮಲೆನಾಡು ದರ್ಶನದ ತಾಣ. ಕಾದಂಬರಿಗಳನ್ನೂ ಓದಿದವರಿಗೆ ಅದು ಬೆವರಿನ ನೆಲವೂ ಹೌದು. ಒಬ್ಬನೇ ಲೇಖಕ ಒಂದೇ ನೆಲವನ್ನು ಎರಡು ಪ್ರಕಾರಗಳಿಗೆ ಹಂಚಿಕೊಟ್ಟ ಈ ಬಗೆಗೆ ಇನ್ನಷ್ಟು ಗಮನ ಸಲ್ಲಬೇಕು.

ಮೈಸೂರಿನಲ್ಲಿ ಅವರಿಗೆ ಮಲೆನಾಡಿನ ಜಾಗ ತುಂಬಿದ್ದು ಕುಕ್ಕನಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಆ ಕೆರೆಯ ಏರಿಯ ಮೇಲೆ ಅವರು ನಡೆದಾಡಿದರು. ಅಲ್ಲಿನ ನೀರು, ಬೆಳಕು, ಹಕ್ಕಿಗಳು ಕವಿತೆಗಳಿಗೆ ಬಂದವು. ಮುಂದೆ ವಿಶ್ವವಿದ್ಯಾಲಯದ ಕುಲಪತಿಯಾದಾಗ ಹೊಸ ಆವರಣ ತಲೆಯೆತ್ತಿದ್ದು ಅದೇ ಕೆರೆಯ ಮಗ್ಗುಲಲ್ಲಿ, ಹೆಸರು ಮಾನಸಗಂಗೋತ್ರಿ. ಪೇಟೆಯ ನಡುವಿನ ನೀರಿನ ಪಕ್ಕದಲ್ಲಿ ಸಾವಿರಾರು ಹುಡುಗ ಹುಡುಗಿಯರು ಓದುವಂತಾದದ್ದು ನಿಸರ್ಗ ಕವಿಯೊಬ್ಬ ಆಡಳಿತದ ಕುರ್ಚಿಯಲ್ಲಿ ಕುಳಿತು ಮಾಡಿದ ಕೆಲಸ.

ಪು.ತಿ.ನರಸಿಂಹಾಚಾರ್ ಅವರ ಕತೆಯೂ ಇದರ ಹತ್ತಿರದ್ದೇ. ಮೇಲುಕೋಟೆಯ ಬಂಡೆ, ಕಲ್ಯಾಣಿ, ಗುಡಿಯ ಗೋಪುರಗಳು ಅವರ ಕಾವ್ಯದ ಉದ್ದಗಲಕ್ಕೂ ಹರಡಿವೆ. ಹೊಟ್ಟೆಪಾಡು ಮಾತ್ರ ಸಂಸ್ಥಾನದ ಸೇನಾ ಇಲಾಖೆಯ ಕಚೇರಿಯಲ್ಲಿ, ಕಡತಗಳ ನಡುವೆ. 1942ರಲ್ಲಿ ‘ಮೈಸೂರ ಮಲ್ಲಿಗೆ’ ಪ್ರಕಟಿಸಿದ ಕಿಕ್ಕೇರಿಯ ಕೆ.ಎಸ್.ನರಸಿಂಹಸ್ವಾಮಿ ಕೂಡ ಸರ್ಕಾರಿ ಗುಮಾಸ್ತಿಕೆಯಲ್ಲಿ ವರ್ಷಗಳನ್ನು ಕಳೆದವರು. ಶಾನುಭೋಗರ ಮಗಳು, ಬಳೆಗಾರ, ನವಿಲೂರಿನ ಮಾವನ ಮನೆಗಳಿಂದ ಕಟ್ಟಿದ ಆ ಲೋಕವನ್ನು ಪ್ರೀತಿಸಿದವರಲ್ಲಿ ಪೇಟೆಯ ವಠಾರಗಳಲ್ಲಿ ಹೊಸದಾಗಿ ಸಂಸಾರ ಹೂಡಿದ್ದ ಓದುಗರು ಬಹಳ ಮಂದಿ. ತಾವು ಬಿಟ್ಟುಬಂದ ಅಂಗಳ ಅವರಿಗೆ ಆ ಪುಟ್ಟ ಪುಸ್ತಕದಲ್ಲಿ ಸಿಕ್ಕಿತು.

ಗೆರೆ ಎಳೆಯದ ಧಾರವಾಡ

ಬೇಂದ್ರೆಯವರಲ್ಲಿ ಈ ಅಗಲಿಕೆಯ ನೋವು ಅಷ್ಟಾಗಿ ಇಲ್ಲ. ಕಾರಣ ಧಾರವಾಡ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನ ಊರು ಅದು. ಪಶ್ಚಿಮಕ್ಕೆ ಹೊರಟರೆ ಕಾಡು, ಪೂರ್ವಕ್ಕೆ ಹೊರಟರೆ ಎರೆಹೊಲ. ಕಾಲೇಜು, ನ್ಯಾಯಾಲಯ, ಮುದ್ರಣಾಲಯಗಳಿರುವ ಪೇಟೆ, ಎಮ್ಮೆ ಕಟ್ಟಿದ ಮನೆಗಳಿರುವ ಹಳ್ಳಿ, ಎರಡೂ ಒಂದೇ ಓಣಿಯಲ್ಲಿದ್ದವು. 1896ರಲ್ಲಿ ಅಲ್ಲಿ ಹುಟ್ಟಿದ ಬೇಂದ್ರೆ ಸಾಧನಕೇರಿಯ ದಂಡೆಯಲ್ಲಿ ನೆಲೆಸಿದರು. ಶ್ರಾವಣದ ಜಿಟಿಜಿಟಿ ಮಳೆ ಅವರ ಮನೆಯ ಮುಂದೆಯೇ ಸುರಿಯುತ್ತಿತ್ತು. ಅದನ್ನು ನೆನಪಿನಿಂದ ಕರೆಯಬೇಕಾಗಿರಲಿಲ್ಲ.

ಆದ್ದರಿಂದ ಅವರ ನಿಸರ್ಗ ಕವಿತೆಗಳಲ್ಲಿ ಹಂಬಲಕ್ಕಿಂತ ಆಮಂತ್ರಣದ ದನಿ ಜಾಸ್ತಿ. ಬೆಳಗನ್ನು ಬಣ್ಣಿಸುವಾಗಲೂ ಪಾತರಗಿತ್ತಿಯ ರೆಕ್ಕೆ ಎಣಿಸುವಾಗಲೂ ಮಾತು ಓಣಿಯದು, ಲಾವಣಿಯದು, ಸಂತೆಯದು. ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಹನ್ನೆರಡು ವರ್ಷ ಧಾರವಾಡದಿಂದ ಹೊರಗಿದ್ದಾಗಲೂ ಆ ಮಾತು ಅವರನ್ನು ಬಿಡಲಿಲ್ಲ. ಹಸಿವನ್ನು ಕುರಿತು ಬರೆದ ಕವಿಯೂ ಅವರೇ, ಬರೆದ ಪದ್ಯಕ್ಕಾಗಿ ಬ್ರಿಟಿಷರ ಜೈಲು ಕಂಡವರೂ ಅವರೇ. ಹೀಗಾಗಿ ಅವರ ಹಸಿರು ಬದುಕಿನ ಗದ್ದಲದಿಂದ ದೂರ ಸರಿದು ನಿಂತ ಹಸಿರಲ್ಲ.

ಗದಗ ಸೀಮೆಯ ಹೊಂಬಳದಿಂದ ಬಂದು ಧಾರವಾಡದಲ್ಲಿ ಬೇರೂರಿದ ಚೆನ್ನವೀರ ಕಣವಿ ಈ ಪರಂಪರೆಯನ್ನು ಇನ್ನೂ ಅರ್ಧ ಶತಮಾನ ಮುಂದೆ ಒಯ್ದರು. ಅವರ 1965ರ ಸಂಕಲನದ ಹೆಸರೇ ‘ನೆಲ ಮುಗಿಲು’.

ಬೀಸುಕಲ್ಲಿನ ಮುಂದೆ

ಹಾಗಾದರೆ ಹಳ್ಳಿಯಲ್ಲೇ ಉಳಿದವರು ಏನು ಹಾಡುತ್ತಿದ್ದರು? ಇದಕ್ಕೆ ಉತ್ತರ ಹುಡುಕಿದವರು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು. ಮಧುರಚೆನ್ನ, ಧೂಲಾ, ಸಿಂಪಿ ಲಿಂಗಣ್ಣ ಮೊದಲಾದವರ ಆ ಬಳಗ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕಲೆಹಾಕಿತು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಓದಿದ ಕವಿಗಳು ಮಲೆಯ ಚೆಲುವನ್ನು ಪದ್ಯವಾಗಿಸುತ್ತಿದ್ದ ಅದೇ ವರ್ಷಗಳಲ್ಲಿ ಬೀಸುಕಲ್ಲಿನ ಮುಂದಿನ ಕಾವ್ಯ ಹೀಗೆ ಪುಸ್ತಕವಾದದ್ದು ಕನ್ನಡದ ಅದೃಷ್ಟ.

ಈ ಹಾಡುಗಳಲ್ಲೂ ಮಳೆ ಇದೆ, ಎತ್ತು ಇದೆ, ಹೂವಿದೆ, ಚುಕ್ಕಿ ಇದೆ. ಆದರೆ ಯಾವುದೂ ನೋಡಲೆಂದು ನಿಂತ ದೃಶ್ಯವಾಗಿಲ್ಲ. ಕೋಳಿ ಕೂಗುವ ಮುನ್ನ ಎದ್ದು ಜೋಳ ಬೀಸಲು ಕುಳಿತವಳಿಗೆ ಬೆಳ್ಳಿ ಚುಕ್ಕಿ ಗಡಿಯಾರ. ಮಳೆ ತಂದೆಯ ಹೊಲದ ಸುದ್ದಿ. ಹೊಳೆ ತವರಿಗೂ ತನಗೂ ನಡುವೆ ಹರಿಯುವ ಅಡ್ಡಿ. ಸೊಬಗನ್ನು ಅವರು ಕಾಣಲಿಲ್ಲ ಎಂದು ಇದರರ್ಥವಲ್ಲ. ಸೊಬಗನ್ನು ದುಡಿಮೆಯಿಂದ ಬೇರೆ ಮಾಡಿ ನೋಡುವ ಅಗತ್ಯ ಅವರಿಗೆ ಬೀಳಲಿಲ್ಲ.

ಹಳ್ಳಿಯ ಪಂಚಾಂಗದಲ್ಲಿ ಮಳೆಗೆ ಒಂದೇ ಹೆಸರಿಲ್ಲ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘ, ಹುಬ್ಬ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಹೀಗೆ ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರ, ನಕ್ಷತ್ರಕ್ಕೊಂದು ಕೆಲಸ. ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳದ ಬಿತ್ತನೆ ಉತ್ತರೆ, ಹಸ್ತದ ಮಳೆಗಳನ್ನು ನಂಬಿದೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಬೆಳೆ ಎದೆಯುದ್ದ ನಿಂತಿರುತ್ತದೆ. ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡಬುಗಳ ಬುತ್ತಿ ಬಿಚ್ಚಿ, ಊಟಕ್ಕೆ ಮುನ್ನ ಭೂಮಿತಾಯಿಗೆ ಚರಗ ಚೆಲ್ಲುತ್ತಾರೆ. ಭೂಮಿಯನ್ನು ಉಣಿಸಿ ತಾನು ಉಣ್ಣುವ ಈ ನಡೆಯಲ್ಲಿ ಒಂದು ಇಡೀ ನಿಸರ್ಗ ಕಾವ್ಯವಿದೆ, ಅದನ್ನು ಕಾವ್ಯವೆಂದು ಯಾರೂ ಹೆಸರಿಸದಿದ್ದರೂ.

ಹಿಟ್ಟಿನ ಗಿರಣಿ ಊರೂರಿಗೆ ಬಂತು. ಹೆಂಗಸರ ತೋಳಿಗೆ ಬಿಡುವು ಸಿಕ್ಕಿತು, ಅದು ಬೇಕಾಗಿದ್ದ ಬಿಡುವು. ಬೀಸುವ ಪದಗಳು ಮಾತ್ರ ಕೆಲಸದ ಜೊತೆಗೇ ಹಿಂದೆ ಸರಿದವು. ಹಾಡಿಗೆ ತಾಳ ಹಿಡಿಯುತ್ತಿದ್ದ ಕಲ್ಲು ಮೂಲೆ ಸೇರಿದ ಮೇಲೆ ಅದನ್ನು ಕಲಿಯುವ ಸಂದರ್ಭವೇ ಮಗಳಿಗೆ ಸಿಗಲಿಲ್ಲ.

ಗಾಂಧಿ ಬಜಾರಿನ ದಾರಿ

ಸ್ವಾತಂತ್ರ್ಯ ಬಂದ ಮೇಲೆ ಪೇಟೆಯನ್ನು ನೇರವಾಗಿ ನೋಡುವ ಕವಿಗಳು ಬಂದರು. ಉಡುಪಿ ಸೀಮೆಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು 1954ರ ‘ಚಂಡೆಮದ್ದಳೆ’ಯಲ್ಲಿ ‘ಗೊಂದಲಪುರ’ವನ್ನು ಬರೆದರು. ಅಲ್ಲಿಯ ನಗರ ಮನುಷ್ಯರ ಮನಸ್ಸಿನ ಚೆಲ್ಲಾಪಿಲ್ಲಿಯ ಚಿತ್ರ. 1959ರ ‘ಭೂಮಿಗೀತ’ದಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಭೂಮಿ ಎಂದರೆ ಮಡಿಲು ತೆರೆದ ತಾಯಿ ಎಂಬ ನವೋದಯದ ನಂಬಿಕೆಯನ್ನೇ ಅಲುಗಿಸಿದರು. ಹಡೆಯುವ ನೆಲವೇ ನುಂಗುವ ನೆಲವೂ ಆಗಿ, ಮನುಷ್ಯನ ಕನಸುಗಳಿಗೆ ಕಿವಿಗೊಡದ ಶಕ್ತಿಯಾಗಿ ಅಲ್ಲಿ ಕಾಣಿಸಿಕೊಂಡಿತು. ‘ಭೂತ’ ಕವಿತೆಯಲ್ಲಿ ಬಾವಿ ತೋಡುವ, ಮಣ್ಣು ಕೆದಕುವ ಕೆಲಸಗಳು ಹಿಂದಿನ ಕಾಲದೊಂದಿಗೆ ನಡೆಸುವ ಗುದ್ದಾಟವಾದವು. ಹಳ್ಳಿ ಅಡಿಗರಿಗೆ ಮರಳಿ ಸೇರುವ ಗೂಡಾಗಿರಲಿಲ್ಲ. ಅಗೆದು ಪರೀಕ್ಷಿಸಬೇಕಾದ ನೆಲವಾಗಿತ್ತು.

ನರಸಿಂಹಸ್ವಾಮಿಯವರೂ ಮಲ್ಲಿಗೆಯ ತೋಟದಲ್ಲೇ ನಿಲ್ಲಲಿಲ್ಲ. 1958ರ ‘ಶಿಲಾಲತೆ’ಯ ಹೊತ್ತಿಗೆ ಅವರ ಕವಿತೆ ಪೇಟೆಯ ಅಂಗಡಿ ಬೀದಿಗೆ ಬಂದು ಗಡಿಯಾರಗಳ ಮುಂದೆ ನಿಂತಿತ್ತು. ‘ಮೈಸೂರ ಮಲ್ಲಿಗೆ’ಯನ್ನಷ್ಟೇ ಬಾಯಿಪಾಠ ಮಾಡಿದ ಅಭಿಮಾನಿಗಳು ಇದೇ ಕವಿಯ ಪೇಟೆಯ ಕವಿತೆಗಳನ್ನು ಓದದೆ ಬಿಟ್ಟದ್ದು ದೊಡ್ಡ ನಷ್ಟ.

1960ರಲ್ಲಿ ಕೆ.ಎಸ್.ನಿಸಾರ್ ಅಹಮದ್ ಅವರ ಮೊದಲ ಸಂಕಲನ ಬಂತು: ‘ಮನಸು ಗಾಂಧಿ ಬಜಾರು’. ಬಸವನಗುಡಿಯ ಹೂವು, ಹಣ್ಣು, ತರಕಾರಿಯ ಬೀದಿ ಒಬ್ಬ ಕವಿಯ ಒಳಮನಸ್ಸಿಗೆ ಹೆಸರು ಕೊಟ್ಟಿತು. ಬೆಂಗಳೂರು ಕನ್ನಡ ಕಾವ್ಯದಲ್ಲಿ ಬಾಡಿಗೆದಾರನಂತೆ ಇರುವುದನ್ನು ಬಿಟ್ಟು ಮನೆಯವನಾದದ್ದು ಇಂಥ ಪುಸ್ತಕಗಳಿಂದ. ನಿಸಾರರು ಭೂವಿಜ್ಞಾನ ಓದಿ, ಅದನ್ನೇ ಕಾಲೇಜಿನಲ್ಲಿ ಪಾಠ ಹೇಳಿದವರು. ಕಲ್ಲು, ಪದರ, ನದಿಗಳ ವಯಸ್ಸು ಅವರಿಗೆ ವೃತ್ತಿಯ ವಿಷಯ.

ಅವರ ಹೆಸರನ್ನು ಮನೆಮನೆಗೆ ಒಯ್ದದ್ದು ಮಾತ್ರ ‘ನಿತ್ಯೋತ್ಸವ’. 1976ರಲ್ಲಿ ಪುಸ್ತಕವಾಗಿ, 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದೊಂದಿಗೆ ಧ್ವನಿಸುರುಳಿಯಾಗಿ ಬಂದ ಇದು ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್. ಜೋಗ, ತುಂಗೆ, ಸಹ್ಯಾದ್ರಿಗಳು ಬೆಂಗಳೂರಿನ ಬಾಡಿಗೆ ಮನೆಯ ಟೇಪ್‌ರೆಕಾರ್ಡರಿನಲ್ಲಿ ಮೊಳಗಿದವು. ಆ ಹೊತ್ತಿಗೆ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಎದ್ದು ಹದಿನಾಲ್ಕು ವರ್ಷವಾಗಿತ್ತು. 1964ರಲ್ಲಿ ನಿಂತ ಆ ನೀರಿನಡಿ ಸಾಗರ, ಹೊಸನಗರ ಸೀಮೆಯ ಹಳ್ಳಿಗಳು ಮುಳುಗಿದ್ದವು. ಜೋಗದ ಧಾರೆ ಎಷ್ಟು ದುಮ್ಮಿಕ್ಕಬೇಕು ಎಂಬುದನ್ನು ಮಳೆಯ ಜೊತೆಗೆ ಅಣೆಕಟ್ಟಿನ ಬಾಗಿಲೂ ನಿರ್ಧರಿಸುತ್ತಿತ್ತು. ಆ ಹಾಡು ಕೇಳಿಸುತ್ತಿದ್ದ ಯಂತ್ರಕ್ಕೆ ವಿದ್ಯುತ್ ಬೇಕಿತ್ತು, ನಾಡಿನ ವಿದ್ಯುತ್ತಿನ ದೊಡ್ಡ ಪಾಲನ್ನು ಶರಾವತಿ ಕೊಡುತ್ತಿತ್ತು. ಹಾಡಿನ ಸೊಬಗು ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಮುಳುಗಿದ ಊರುಗಳ ಕತೆಯನ್ನು ಹೇಳುವ ಹೊಣೆ ನಾ.ಡಿಸೋಜ ಅವರಂಥ ಕಾದಂಬರಿಕಾರರ ಮೇಲೆ ಬಿತ್ತು. ಇಲ್ಲಿಯೂ ಪದ್ಯ ಚೆಲುವನ್ನು ಇಟ್ಟುಕೊಂಡಿತು, ಗದ್ಯ ನೋವನ್ನು ಹೊತ್ತಿತು.

ನೊಗದ ಇನ್ನೊಂದು ಚಿತ್ರ

ಕುವೆಂಪು ಅವರ ನೇಗಿಲ ಯೋಗಿಯ ಹಾಡು ಇಂದು ರೈತಗೀತೆ. ಉಳುವವನನ್ನು ಲೋಕದ ಆಧಾರವಾಗಿ ಎತ್ತಿ ಹಿಡಿದ ಆ ಹಾಡಿಗೆ ತನ್ನ ಕಾಲದಲ್ಲಿ ದೊಡ್ಡ ಧೈರ್ಯ ಬೇಕಿತ್ತು. ಅದೇ ಉಳುಮೆಯ ಇನ್ನೊಂದು ಚಿತ್ರ ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’ಯಲ್ಲಿದೆ. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತು ಎಳೆಯುತ್ತಿದ್ದಾರೆ, ಮತ್ತೊಬ್ಬ ಹಿಂದಿನಿಂದ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ ಎಂದು ಹುಡುಗ ಕಂಡುಕೊಳ್ಳುತ್ತಾನೆ.

ಸಿದ್ಧಲಿಂಗಯ್ಯ ಹುಟ್ಟಿದ್ದು 1954ರಲ್ಲಿ, ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ. ಪಕ್ಕದಲ್ಲೇ ಅರ್ಕಾವತಿ, ಸುತ್ತ ಗುಡ್ಡ, ಕಣ್ಣಿಗೆ ತಂಪೆರೆಯುವ ತಾಣ. ಆದರೂ ಅವರ ಕಾವ್ಯ ಊರಿಗೆ ಮರಳುವ ಹಂಬಲದಿಂದ ಶುರುವಾಗಲಿಲ್ಲ. ಕುಟುಂಬ ಬೆಂಗಳೂರಿಗೆ ಬಂದು ಶ್ರೀರಾಮಪುರದಲ್ಲಿ ನೆಲೆಸಿತು. ಓದು, ಹಾಸ್ಟೆಲು, ಗೆಳೆಯರು, ಚಳವಳಿ ಎಲ್ಲ ಸಿಕ್ಕಿದ್ದು ನಗರದಲ್ಲಿ. 1975ರ ‘ಹೊಲೆಮಾದಿಗರ ಹಾಡು’ ಮೆರವಣಿಗೆಗಳಲ್ಲಿ ಮೊಳಗಿತು. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಗುಣಗಾನವನ್ನು ಖಂಡಿಸಿ ಆಡಿದ ಮಾತಿನ ಸತ್ಯಕ್ಕೆ ಕನ್ನಡದಲ್ಲಿ ಹಾಡಿನ ರೂಪ ಕೊಟ್ಟವರಲ್ಲಿ ಸಿದ್ಧಲಿಂಗಯ್ಯ ಮೊದಲಿಗರು.

ಹಳ್ಳಿಯ ತಂಗಾಳಿ ಎಲ್ಲರಿಗೂ ಬೀಸಿತೇ, ಕೆರೆಯ ನೀರು ಎಲ್ಲರ ಕೊಡಕ್ಕೂ ತುಂಬಿತೇ ಎಂಬ ಪ್ರಶ್ನೆ ಇವರ ನಂತರ ಕನ್ನಡದ ನಿಸರ್ಗ ಕಾವ್ಯವನ್ನು ಬಿಟ್ಟಿಲ್ಲ. ಕೆರೆ, ಬಾವಿ, ತೋಪು, ಗುಂಡುತೋಪಿನ ನೆರಳು ಇವೆಲ್ಲ ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬ ಕಟ್ಟಳೆಯ ಒಳಗಿದ್ದವು. ಪೇಟೆಯ ನಲ್ಲಿ ನೀರಿಗೆ ಸಾಲು ನಿಂತವರು ಜಗಳವಾಡಿರಬಹುದು, ಆದರೆ ನಲ್ಲಿ ಜಾತಿ ಕೇಳಲಿಲ್ಲ. ಊರು ಬಿಟ್ಟವರೆಲ್ಲರೂ ಒಂದೇ ಕಾರಣಕ್ಕೆ ಬಿಡಲಿಲ್ಲ, ಒಂದೇ ಬಗೆಯಲ್ಲಿ ನೆನೆಯುವುದೂ ಇಲ್ಲ.

ಮುಂಬೈಗೆ ಸುರಿದ ಗೋಕರ್ಣದ ಮಳೆ

ನಗರವನ್ನು ಕೊರಗಿಲ್ಲದೆ ಅಪ್ಪಿಕೊಂಡವರಲ್ಲಿ ಜಯಂತ ಕಾಯ್ಕಿಣಿ ಎದ್ದು ಕಾಣುತ್ತಾರೆ. ಗೋಕರ್ಣದಲ್ಲಿ 1955ರಲ್ಲಿ ಹುಟ್ಟಿ, ಜೀವರಸಾಯನ ವಿಜ್ಞಾನ ಓದಿ, ಮುಂಬೈನ ಔಷಧ ಕಾರ್ಖಾನೆಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದವರು. ‘ಕೋಟಿತೀರ್ಥ’ ಗೋಕರ್ಣದ ಪುಷ್ಕರಣಿಯ ಹೆಸರು ಹೊತ್ತ ಸಂಕಲನ. 1997ರ ‘ನೀಲಿ ಮಳೆ’ಯ ಹೊತ್ತಿಗೆ ಆ ತೇವ ಲೋಕಲ್ ರೈಲು, ಚಾಳು, ಫ್ಲೈಓವರುಗಳ ಮೇಲೂ ಹರಡಿತ್ತು. ಅವರ ಮಹಾನಗರದಲ್ಲಿ ಗುರುತಿಲ್ಲದ ಜನ ಒಬ್ಬರಿಗೊಬ್ಬರು ನೆರಳಾಗುತ್ತಾರೆ. ಮುಂಬೈ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂದಾಗ ಗೋಕರ್ಣದ ಈ ಕಣ್ಣು ಕನ್ನಡದ ಆಚೆಗೂ ಪರಿಚಯವಾಯಿತು. 2006ರ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ಗೆ ಅವರು ಬರೆದ ಹಾಡು ಆಟೊ, ಬಸ್ಸು, ಕಾಲೇಜು ಕ್ಯಾಂಟೀನುಗಳನ್ನೆಲ್ಲ ತುಂಬಿತು.

ಅತ್ತ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಹಿಮ್ಮುಖವಾಗಿ ನಡೆದರು. ಮೈಸೂರಿನಲ್ಲಿ ಓದಿ ಮೂಡಿಗೆರೆಯ ಕಾಫಿ ತೋಟ ಸೇರಿದರು. ಕವಿತೆಯಿಂದ ಆರಂಭಿಸಿದರೂ ಅದನ್ನು ಬಿಟ್ಟು ಹಕ್ಕಿಗಳ ಬೆನ್ನಿಗೆ ಕ್ಯಾಮೆರಾ ಹಿಡಿದು ಕುಳಿತರು. ಹಾರುವ ಓತಿ, ಜೇನು, ಮೀನು, ಗೊಬ್ಬರಗಳ ಬಗ್ಗೆ ಬರೆದರು. ತಂದೆಗೆ ಹಕ್ಕಿಸಾಲು ದೇವರ ರುಜುವಾದರೆ ಮಗನಿಗೆ ಪ್ರತಿ ಹಕ್ಕಿಗೂ ಅದರದೇ ಹೆಸರು, ಗೂಡು, ಆಹಾರ, ಊರು ಇತ್ತು. ಹಳ್ಳಿಯಲ್ಲಿ ನಿಂತು ಬರೆದ ನಿಸರ್ಗದ ಬರವಣಿಗೆ ಕನ್ನಡದಲ್ಲಿ ಗದ್ಯವಾಗಿಯೇ ಗಟ್ಟಿಯಾದದ್ದು ಗಮನಿಸಬೇಕಾದ ಸಂಗತಿ.

ಪೇಟೆಯ ಹಸಿರಿಗೂ ಪದ್ಯ ಬೇಕು

2011ರ ಜನಗಣತಿಯ ಪ್ರಕಾರ ಕರ್ನಾಟಕದ ಶೇ 38.67ರಷ್ಟು ಜನ ಪಟ್ಟಣವಾಸಿಗಳು. ಇವರ ಮಕ್ಕಳಿಗೆ ಬಿಟ್ಟುಬಂದ ಅಂಗಳವೆಂಬುದು ಇಲ್ಲ; ಅವರು ಹುಟ್ಟಿದ್ದೇ ಇಲ್ಲಿ. ಅವರ ಕಣ್ಣಿಗೆ ಮೊದಲು ಬೀಳುವ ಮರ ರಸ್ತೆ ಬದಿಯದು. ಬೆಂಗಳೂರಿನಲ್ಲಿ ಆ ಸಾಲುಮರಗಳಿಗೂ ಚರಿತ್ರೆಯಿದೆ. ಲಾಲ್‌ಬಾಗ್ ನೋಡಿಕೊಂಡ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಒಂದು ಜಾತಿಯ ಹೂ ಮುಗಿಯುತ್ತಲೇ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರ ಆಯ್ದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ.ನೇಗಿನಹಾಳರ ಮುಂದಾಳತ್ವದಲ್ಲಿ ಸುಮಾರು 15 ಲಕ್ಷ ಗಿಡಗಳು ನಗರಕ್ಕೆ ಬಂದವು. ಹೊಂಗೆ ಚಿಗುರಿದಾಗ, ಜಕರಾಂಡ ನೀಲಿ ಚೆಲ್ಲಿದಾಗ, ತಬೂಬಿಯ ಗುಲಾಬಿ ಹೊದ್ದಾಗ ಮೊಬೈಲುಗಳಲ್ಲಿ ಚಿತ್ರಗಳು ಹರಿದಾಡುತ್ತವೆ. ಚಿತ್ರ ತೆಗೆಯುವಷ್ಟು ಪ್ರೀತಿ ಇರುವಲ್ಲಿ ಪದ್ಯಕ್ಕೂ ಎಡೆಯಿದೆ.

ಆ ಪದ್ಯ ಚೆಲುವಿಗೆ ಮಾತ್ರ ನಿಲ್ಲಲಾರದು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್‌ನ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ. ಬೆಳ್ಳಂದೂರಿನ ಕೆರೆ ನೊರೆ ಕಾರಿತು, 2017 ಮತ್ತು 2018ರಲ್ಲಿ ಹೊತ್ತಿ ಉರಿಯಿತು. ಬೆಂಗಳೂರಿಗೆ ಕುಡಿಯುವ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯ ಪಂಪುಗಳು ಎತ್ತಿ ಕಳಿಸುವ ಕಾವೇರಿಯಿಂದ ಬರುತ್ತದೆ. 1974ರಲ್ಲಿ ಮೊದಲ ಹಂತದ ನೀರು ಹರಿಯಿತು. ಅದಕ್ಕೂ ಮೊದಲು 1930ರ ದಶಕದಿಂದ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿ ನಗರದ ಬಾಯಾರಿಕೆ ತಣಿಸಿತ್ತು, ಸಿದ್ಧಲಿಂಗಯ್ಯನವರ ಮಂಚನಬೆಲೆಯ ಕಡೆಗೆ ಹರಿದುಹೋಗುತ್ತಿದ್ದ ಅದೇ ಅರ್ಕಾವತಿ. ಪೇಟೆಯ ಪ್ರತಿ ಬಿಂದಿಗೆಯಲ್ಲೂ ಯಾವುದೋ ಹಳ್ಳಿಯ ನದಿ ಇದೆ. ಹಳ್ಳಿ ಮತ್ತು ಪೇಟೆಯನ್ನು ಎದುರುಬದುರು ನಿಲ್ಲಿಸುವ ಹಳೆಯ ಪಠ್ಯಕ್ರಮ ಈ ಕೊಳವೆಯನ್ನು ಕಾಣುವುದಿಲ್ಲ.

ಆ ಕೊಳವೆಯಷ್ಟೇ ಗಟ್ಟಿಯಾದ ಇನ್ನೊಂದು ನಂಟು ಗುಳೆ. ಹಿಂಗಾರಿನ ಮಳೆ ಕೈಕೊಟ್ಟರೆ ಯಾದಗಿರಿ, ರಾಯಚೂರು, ಕಲಬುರಗಿ ಸೀಮೆಯ ಸಂಸಾರಗಳು ಹಾಸಿಗೆ, ಪಾತ್ರೆ, ಕೂಸುಗಳೊಂದಿಗೆ ಬೆಂಗಳೂರಿನ ಬಸ್ಸು ಹತ್ತುತ್ತವೆ. ಅಪಾರ್ಟ್‌ಮೆಂಟ್ ಏಳುವ ಜಾಗದ ತಗಡಿನ ಶೆಡ್ಡುಗಳಲ್ಲಿ ಇರುತ್ತವೆ. ಉತ್ತರೆ ಮಳೆ, ಹಸ್ತದ ಮಳೆಯ ಲೆಕ್ಕ ಅವರಿಗೆ ಇಲ್ಲಿಯೂ ಬಿಡದು. ಊರಿನಿಂದ ಬರುವ ಫೋನಿನಲ್ಲಿ ಮೊದಲು ಕೇಳುವುದೇ ಅದನ್ನು. ನವೋದಯದ ಕವಿಗಳಂತೆ ಇವರೂ ಊರು ಬಿಟ್ಟವರು, ಊರನ್ನು ನೆನೆಯುವವರು. ಕೈಯಲ್ಲಿ ಕಾಲೇಜಿನ ಪದವಿ ಇಲ್ಲ, ಕಚೇರಿಯ ಮೇಜಿಲ್ಲ, ಅಷ್ಟೇ ವ್ಯತ್ಯಾಸ.

ಹಲಸಂಗಿಯ ಗೆಳೆಯರು 1930ರ ಸುಮಾರಿಗೆ ಮಾಡಿದ ಕೆಲಸ ಈಗ ಈ ಶೆಡ್ಡುಗಳಲ್ಲಿ ಆಗಬೇಕು. ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ, ಬೆಂಗಳೂರಿನ ಕಾಲೇಜುಗಳಲ್ಲಿ ಕನ್ನಡ ಎಂ.ಎ. ಓದುವ ಕಲ್ಯಾಣ ಕರ್ನಾಟಕದ ಹುಡುಗ ಹುಡುಗಿಯರಿದ್ದಾರೆ. ಶೆಡ್ಡಿನವರ ಮಾತು ಅವರಿಗೆ ತಾಯಿಮಾತು. ಇಟ್ಟಿಗೆ ಹೊರುವಾಗ, ಕೂಸು ಮಲಗಿಸುವಾಗ, ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಲಾಗದೆ ಶೆಡ್ಡಿನ ಮುಂದೆಯೇ ಚರಗ ಚೆಲ್ಲುವಾಗ ಅವರ ಬಾಯಲ್ಲಿ ಬರುವ ಪದಗಳನ್ನು ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರಿನೊಂದಿಗೇ ದಾಖಲಿಸಬೇಕು. ಹಳೆಯ ಪದಗಳು ಎಷ್ಟು ಉಳಿದಿವೆ, ಸಿಮೆಂಟು, ಲಿಫ್ಟು, ಮೇಸ್ತ್ರಿ, ಬಟವಾಡೆಯ ದಿನಗಳು ಅವುಗಳೊಳಗೆ ಹೇಗೆ ಸೇರಿವೆ ಎಂಬುದು ಆಗ ತಿಳಿಯುತ್ತದೆ. ಮುಂದಿನ ಪಠ್ಯಪುಸ್ತಕದಲ್ಲಿ ಕುವೆಂಪು, ಬೇಂದ್ರೆಯವರ ನಿಸರ್ಗ ಗೀತೆಗಳ ಪಕ್ಕದಲ್ಲೇ ಆ ಪದಗಳಿಗೂ ಎರಡು ಪುಟ ಮೀಸಲಾಗಬೇಕು.